ಹಳೆ ಬ್ಯಾಸ್ಕೆಟ್‌ಬಾಲ್ ಪಂದ್ಯದ ಬಾಕ್ಸ್ ಸ್ಕೋರ್ ಓದುವುದು ಹೇಗೆ?

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. 1940ರ, 50ರ ದಶಕದ ಯಾವುದೋ ಅಮೆರಿಕನ್ ಪಂದ್ಯದ ಅಂಕಪಟ್ಟಿ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಹೆಸರುಗಳಿವೆ, ಮೂರೋ ನಾಲ್ಕೋ ಕಾಲಂ ಇವೆ. ‘ರೀಬೌಂಡ್ ಎಲ್ಲಿ? ಆಟಗಾರ ಎಷ್ಟು ನಿಮಿಷ ಆಡಿದ? ಈ ಎಫ್ ಅಂದರೆ ಏನು?’ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ಬಾಕ್ಸ್ ಸ್ಕೋರ್ ಅಂದರೆ ಪಂದ್ಯದ ಅಂಕಪಟ್ಟಿ. ಯಾವ ಆಟಗಾರ ಏನು ಮಾಡಿದ ಅನ್ನೋದನ್ನು ಒಂದೊಂದು ಸಾಲಿನಲ್ಲಿ ಹೇಳುವ ಸಣ್ಣ ಚೌಕ. ಕ್ರಿಕೆಟ್ ಸ್ಕೋರ್‌ಕಾರ್ಡ್ ಓದಿ ಬೆಳೆದ ನಮಗೆ ಇದು ಹೊಸದಲ್ಲ. ಹಳೆಯ ಟೆಸ್ಟ್‌ಗಳ ಕಾರ್ಡ್ ನೋಡಿದರೆ ರನ್ ಸಿಗುತ್ತದೆ, ಆದರೆ ಎಷ್ಟೋ ಕಡೆ ಬ್ಯಾಟ್ಸ್‌ಮನ್ ಎಷ್ಟು ಬಾಲ್ ಆಡಿದ ಅನ್ನೋದು ಸಿಗಲ್ಲ, ಅಲ್ವಾ? ಇಲ್ಲಿಯೂ ಅದೇ ಕಥೆ.

ಬೇಕಾಗಿರುವುದು ಇಷ್ಟೇ: ಬಾಕ್ಸ್ ಸ್ಕೋರ್‌ನ ಪ್ರತಿ, ಸಿಕ್ಕಿದರೆ ಅದೇ ಪಂದ್ಯದ ಪತ್ರಿಕಾ ವರದಿ, ಪೆನ್ಸಿಲ್, ಒಂದು ಹಾಳೆ. ಶೇಕಡಾ ಲೆಕ್ಕಕ್ಕೆ ಫೋನಿನ ಕ್ಯಾಲ್ಕುಲೇಟರ್ ಸಾಕು.

1. ಮೊದಲು ದಿನಾಂಕ, ಲೀಗ್, ಊರು ಗುರುತಿಸಿ

ಅಂಕೆಗಳಿಗೆ ಕೈ ಹಾಕುವ ಮೊದಲೇ ಈ ಕೆಲಸ ಮಾಡಿ. ಯಾವ ವರ್ಷದ, ಯಾವ ಲೀಗಿನ ಪಂದ್ಯ ಅಂತ ತಿಳಿಯದೆ ಕಾಲಂಗಳ ಅರ್ಥ ಹೇಳಲು ಆಗುವುದಿಲ್ಲ.

ಅಮೆರಿಕದ ಮುಖ್ಯ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಇವತ್ತಿನ ಎನ್‌ಬಿಎ 1949ರ ಆಗಸ್ಟ್‌ನಲ್ಲಿ ಆ ಹೆಸರು ಪಡೆಯಿತು. ಬಿಎಎ ಮತ್ತು ಎನ್‌ಬಿಎಲ್ ಎಂಬ ಎರಡು ಲೀಗ್‌ಗಳು ಆಗ ಒಂದಾದವು. ಆದರೆ ಎನ್‌ಬಿಎ ತನ್ನ ಇತಿಹಾಸವನ್ನು ಬಿಎಎಯ ಮೊದಲ ಪಂದ್ಯದಿಂದ ಲೆಕ್ಕ ಹಾಕುತ್ತದೆ. ಆ ಪಂದ್ಯ ನಡೆದದ್ದು 1946ರ ನವೆಂಬರ್ 1ರಂದು, ಕೆನಡಾದ ಟೊರಾಂಟೊದ ಮೇಪಲ್ ಲೀಫ್ ಗಾರ್ಡನ್ಸ್‌ನಲ್ಲಿ. ನ್ಯೂಯಾರ್ಕ್ ನಿಕರ್‌ಬಾಕರ್ಸ್ 68, ಟೊರಾಂಟೊ ಹಸ್ಕೀಸ್ 66. ನೋಡಲು ಬಂದವರು 7,090 ಜನ. ಎನ್‌ಬಿಎಲ್ ಇದಕ್ಕಿಂತ ಹಿಂದಿನದು, 1937ರದ್ದು. ಹಾಗಾಗಿ 1940ರ ದಶಕದ ಪಂದ್ಯ ಅಂದ ತಕ್ಷಣ ಎನ್‌ಬಿಎ ದಾಖಲೆಯಲ್ಲಿ ಹುಡುಕಲು ಹೋಗಬೇಡಿ. ಅದು ಎನ್‌ಬಿಎಲ್ ಪಂದ್ಯವಾಗಿದ್ದರೆ ಅಲ್ಲಿ ಇರುವುದೇ ಇಲ್ಲ.

ಎಚ್ಚರಿಕೆ: ತಂಡದ ಹೆಸರು ನೋಡಿ ಮೋಸ ಹೋಗಬೇಡಿ. ಪಿಸ್ಟನ್ಸ್ ಮೊದಲು ಫೋರ್ಟ್ ವೇನ್‌ನಲ್ಲಿತ್ತು, 1957ರಲ್ಲಿ ಡೆಟ್ರಾಯಿಟ್‌ಗೆ ಹೋಯಿತು. ಲೇಕರ್ಸ್ 1960ರವರೆಗೆ ಮಿನಿಯಾಪೊಲಿಸ್ ತಂಡ. ಹಳೆ ಬಾಲ್ಟಿಮೋರ್ ಬುಲೆಟ್ಸ್ 1954ರಲ್ಲೇ ಮುಚ್ಚಿಹೋಯಿತು. ಅದೇ ಹೆಸರಿನ ಮುಂದಿನ ತಂಡಕ್ಕೂ ಅದಕ್ಕೂ ಸಂಬಂಧವಿಲ್ಲ. ಟೊರಾಂಟೊ ಹಸ್ಕೀಸ್ ಒಂದೇ ಸೀಸನ್ ಆಡಿ ನಿಂತುಹೋಯಿತು.

ದಿನಾಂಕದಲ್ಲೂ ಒಂದು ಸಣ್ಣ ಗುಂಡಿ ಇದೆ. ಪಂದ್ಯ ರಾತ್ರಿ ನಡೆಯುತ್ತದೆ, ಪತ್ರಿಕೆ ಮರುದಿನ ಬರುತ್ತದೆ. ಪುಟದ ಮೇಲಿರುವ ತಾರೀಕನ್ನೇ ಪಂದ್ಯದ ತಾರೀಕು ಅಂತ ಬರೆದುಕೊಂಡರೆ ಒಂದು ದಿನ ತಪ್ಪುತ್ತದೆ.

2. ಕಾಲಂಗಳ ತಲೆಬರಹ ಬಿಡಿಸಿ

ಪತ್ರಿಕೆಯಲ್ಲಿ ಜಾಗ ಕಡಿಮೆ. ಅದಕ್ಕೆ ಒಂದೊಂದೇ ಇಂಗ್ಲಿಷ್ ಅಕ್ಷರ ಹಾಕಿ ಮುಗಿಸುತ್ತಿದ್ದರು. ಜಾಸ್ತಿ ಕಾಣುವುದು ಇವು:

- ‘ಜಿ’, ‘ಎಫ್‌ಜಿ’ ಅಥವಾ ‘ಬಿ’: ಫೀಲ್ಡ್ ಗೋಲ್. ಆಟ ನಡೆಯುತ್ತಿರುವಾಗ ಹಾಕಿದ ಬುಟ್ಟಿ. ಆ ಕಾಲದಲ್ಲಿ ಎಲ್ಲಿಂದ ಹಾಕಿದರೂ 2 ಅಂಕ.
- ‘ಎಫ್’ ಅಥವಾ ‘ಎಫ್‌ಟಿ’: ಫ್ರೀ ಥ್ರೋ. ಎದುರಾಳಿ ಫೌಲ್ ಮಾಡಿದಾಗ ಸಿಗುವ, ಯಾರೂ ಅಡ್ಡ ಬಾರದ ಎಸೆತ. 1 ಅಂಕ.
- ‘ಪಿಎಫ್’: ಪರ್ಸನಲ್ ಫೌಲ್. ಆಟಗಾರ ತಾನು ಮಾಡಿದ ಫೌಲ್‌ಗಳು.
- ‘ಟಿ’ ಅಥವಾ ‘ಟಿಪಿ’: ಒಟ್ಟು ಅಂಕ.

ಬಹಳ ಜನ ಎಡವುವ ಜಾಗ ಇದು. ‘ಎಫ್’ ಅಂದರೆ ಫ್ರೀ ಥ್ರೋ ಇರಬಹುದು, ಫೌಲ್ ಕೂಡ ಇರಬಹುದು. ‘ಪಿ’ ಅಂದರೆ ಪಾಯಿಂಟ್ಸ್ ಇರಬಹುದು, ಪರ್ಸನಲ್ ಫೌಲ್ ಕೂಡ ಇರಬಹುದು. ಆಟಗಾರನ ಹೆಸರಿನ ಪಕ್ಕ ಬರುವ ‘ಎಫ್’ ಇನ್ನೂ ಬೇರೆ. ಅದು ಅವನ ಜಾಗ, ಅಂದರೆ ಫಾರ್ವರ್ಡ್. ‘ಸಿ’ ಅಂದರೆ ಸೆಂಟರ್, ‘ಜಿ’ ಅಂದರೆ ಗಾರ್ಡ್.

ಊಹೆ ಮಾಡುವ ಅಗತ್ಯವಿಲ್ಲ. ಒಂದು ಪರೀಕ್ಷೆ ಇದೆ. ಫೀಲ್ಡ್ ಗೋಲನ್ನು 2ರಿಂದ ಗುಣಿಸಿ, ಅದಕ್ಕೆ ‘ಎಫ್’ ಕಾಲಂನ ಅಂಕೆ ಸೇರಿಸಿ. ಪ್ರತಿ ಸಾಲಿನಲ್ಲೂ ಒಟ್ಟು ಅಂಕ ಸರಿಯಾಗಿ ಬಂದರೆ ಆ ‘ಎಫ್’ ಫ್ರೀ ಥ್ರೋ. ಬರಲಿಲ್ಲ ಅಂದರೆ ಅದು ಫೌಲ್. ಒಂದೇ ಸಾಲು ನೋಡಿ ತೀರ್ಮಾನ ಮಾಡಬೇಡಿ. ಆಕಸ್ಮಿಕವಾಗಿ ಹೊಂದಿಕೊಳ್ಳಬಹುದು. ಕನಿಷ್ಠ ನಾಲ್ಕು ಸಾಲು ನೋಡಿ.

ಇನ್ನೊಂದು: ‘7-11’ ಅಂತ ಇದ್ದರೆ 11 ಎಸೆದು 7 ಹಾಕಿದ ಅಂತ ಅರ್ಥ. ಕೆಲವು ಪತ್ರಿಕೆಗಳು ಹಾಕಿದ್ದನ್ನು ಮಾತ್ರ ಕಾಲಂನಲ್ಲಿ ಕೊಟ್ಟು, ತಪ್ಪಿದ ಫ್ರೀ ಥ್ರೋಗಳನ್ನು ಕೆಳಗೆ ಬೇರೆ ಪಟ್ಟಿಯಾಗಿ ಕೊಡುತ್ತಿದ್ದವು. ಆಗ ಎರಡನ್ನೂ ಕೂಡಿಸಿದರೆ ಪ್ರಯತ್ನ ಸಿಗುತ್ತದೆ. ತಪ್ಪಿದ್ದನ್ನೇ ಪ್ರಯತ್ನ ಅಂತ ಓದಿಕೊಂಡರೆ ಇಡೀ ಲೆಕ್ಕ ಹಾಳು.

3. ಸಾಲು ಮತ್ತು ಕಾಲಂ ಎರಡೂ ಕೂಡಿಸಿ ನೋಡಿ

ಇದು ಈ ಕೆಲಸದ ಜೀವಾಳ. ಇಲ್ಲಿ ಸಮಯ ಕೊಡಿ. ಬಾಕ್ಸ್ ಸ್ಕೋರ್ ಅಂದರೆ ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ. ಅಡ್ಡ ಕೂಡಿಸಿದರೂ ಉದ್ದ ಕೂಡಿಸಿದರೂ ತಾಳೆಯಾಗಬೇಕು.

ಕಲಿಯಲು 1950ರ ನವೆಂಬರ್ 22ರ ಪಂದ್ಯದಷ್ಟು ಒಳ್ಳೆಯದು ಇನ್ನೊಂದಿಲ್ಲ. ಫೋರ್ಟ್ ವೇನ್ ಪಿಸ್ಟನ್ಸ್ 19, ಮಿನಿಯಾಪೊಲಿಸ್ ಲೇಕರ್ಸ್ 18. ಹೌದು, ಪೂರ್ತಿ 48 ನಿಮಿಷದ ಪಂದ್ಯದಲ್ಲಿ ಅಷ್ಟೇ. ಎನ್‌ಬಿಎ ಇತಿಹಾಸದಲ್ಲೇ ಅತಿ ಕಡಿಮೆ ಅಂಕದ ಪಂದ್ಯ ಇದು. ಲೇಕರ್ಸ್‌ನ ದೈತ್ಯ ಸೆಂಟರ್ ಜಾರ್ಜ್ ಮೈಕನ್‌ನನ್ನು ಬೇರೆ ರೀತಿಯಲ್ಲಿ ಕಟ್ಟಿಹಾಕಲು ಆಗಲ್ಲ ಅಂತ ಪಿಸ್ಟನ್ಸ್ ಚೆಂಡನ್ನು ಕೈಯಲ್ಲೇ ಹಿಡಿದು ಕಾಲ ಕಳೆಯಿತು. ಎಸೆಯಲೇಬೇಕು ಅನ್ನುವ ನಿಯಮ ಆಗ ಇರಲಿಲ್ಲ. ಅಂಕೆಗಳು ಚಿಕ್ಕದಾಗಿರುವುದರಿಂದ ಕೂಡಿಸುವುದು ಸುಲಭ.

ಮೈಕನ್ ಸಾಲು ಹೀಗಿದೆ: ಫೀಲ್ಡ್ ಗೋಲ್ 4, ಫ್ರೀ ಥ್ರೋ 7, ಒಟ್ಟು 15. ನಾಲ್ಕೆರಡ್ಲ ಎಂಟು, ಎಂಟು ಕೂಡಿಸು ಏಳು, ಹದಿನೈದು. ಸಾಲು ಸರಿ.

ಈಗ ಉದ್ದಕ್ಕೆ. ಲೇಕರ್ಸ್‌ನಲ್ಲಿ ಅಂಕ ಗಳಿಸಿದ್ದು ಮೂರೇ ಜನ: ಮೈಕನ್ 15, ಬಾಬ್ ಹ್ಯಾರಿಸನ್ 2, ಜಿಮ್ ಪೊಲಾರ್ಡ್ 1. ಒಟ್ಟು 18. ತಂಡದ ಒಟ್ಟು ಸಾಲಿನಲ್ಲಿ ಫೀಲ್ಡ್ ಗೋಲ್ 4, ಫ್ರೀ ಥ್ರೋ 10. ಎಂಟು ಕೂಡಿಸು ಹತ್ತು, ಹದಿನೆಂಟು. ತಾಳೆಯಾಯಿತು. ತಂಡದ 4 ಫೀಲ್ಡ್ ಗೋಲ್‌ಗಳೂ ಮೈಕನ್‌ವೇ. ಅಂದರೆ ಹ್ಯಾರಿಸನ್, ಪೊಲಾರ್ಡ್ ಗಳಿಸಿದ್ದೆಲ್ಲ ಫ್ರೀ ಥ್ರೋ. ಯಾರೂ ಹೇಳದಿದ್ದರೂ ಬಾಕ್ಸ್ ಸ್ಕೋರ್ ಇದನ್ನು ಹೇಳುತ್ತದೆ. ನನಗೆ ಈ ಕೆಲಸ ಇಷ್ಟವಾಗುವುದು ಇದಕ್ಕೇ.

ಪಿಸ್ಟನ್ಸ್ ಕಡೆಯೂ ಫೀಲ್ಡ್ ಗೋಲ್ 4, ಫ್ರೀ ಥ್ರೋ 11. ಒಟ್ಟು 19. ಎರಡೂ ತಂಡ ಸಮ ಬುಟ್ಟಿ ಹಾಕಿವೆ. ಲ್ಯಾರಿ ಫೌಸ್ಟ್ ಕೊನೆಯ ಕ್ಷಣಗಳಲ್ಲಿ ಹಾಕಿದ ಬುಟ್ಟಿ ಪಂದ್ಯ ಗೆಲ್ಲಿಸಿತು ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜ. ಆದರೆ ಪಟ್ಟಿಯಲ್ಲಿ ಎರಡು ತಂಡಗಳ ನಡುವಿನ ವ್ಯತ್ಯಾಸ ಇರುವುದು ಒಂದು ಫ್ರೀ ಥ್ರೋನಲ್ಲಿ.

ಪ್ರತಿ ಮಸುಕಾಗಿದ್ದರೆ ಏನು ಮಾಡಬೇಕು? ಒಂದು ಅಂಕೆ ಓದಲು ಆಗದಿದ್ದರೆ ಚಿಂತೆ ಬೇಡ. ಒಟ್ಟಿನಿಂದ ಉಳಿದದ್ದನ್ನು ಕಳೆಯಿರಿ, ಸಿಗುತ್ತದೆ. ಜೊತೆಗೆ ಈ ಉಪಾಯವನ್ನೂ ನೆನಪಿಟ್ಟುಕೊಳ್ಳಿ: ಫೀಲ್ಡ್ ಗೋಲ್‌ನಿಂದ ಬರುವ ಅಂಕ ಯಾವಾಗಲೂ ಸರಿಸಂಖ್ಯೆ. ಹಾಗಾಗಿ ಒಟ್ಟು ಬೆಸವಾಗಿದ್ದರೆ ಫ್ರೀ ಥ್ರೋ ಕೂಡ ಬೆಸವಾಗಿರಲೇಬೇಕು. ಒಟ್ಟು ಸರಿಸಂಖ್ಯೆಯಾಗಿದ್ದರೆ ಫ್ರೀ ಥ್ರೋ ಕೂಡ ಸರಿಸಂಖ್ಯೆ. ಮಸುಕಾದ ಅಂಕೆ 3 ಇರಬಹುದೇ, 8 ಇರಬಹುದೇ ಅನ್ನುವ ಅನುಮಾನ ಇದರಿಂದ ತಕ್ಷಣ ಬಗೆಹರಿಯುತ್ತದೆ. 1ಕ್ಕೂ 7ಕ್ಕೂ ನಡುವೆ ಅನುಮಾನ ಬಂದರೆ ಮಾತ್ರ ಈ ಉಪಾಯ ನಡೆಯಲ್ಲ. ಎರಡೂ ಬೆಸ ಅಲ್ವಾ.

ತಾಳೆಯಾಗದಿದ್ದರೆ? ಆಗಲಿ ಬಿಡಿ ಅಂತ ನೀವೇ ತಿದ್ದಬೇಡಿ. ಆಗ ಅಂಕೆಗಳು ಬಾಯಿಮಾತಿನಲ್ಲಿ, ತಂತಿಯಲ್ಲಿ ಹೋಗಿ ಅಚ್ಚಾಗುತ್ತಿದ್ದವು. ತಪ್ಪು ಸಹಜ. ಎರಡೂ ಅಂಕೆ ಬರೆದುಕೊಂಡು ಪಕ್ಕದಲ್ಲಿ ಗುರುತು ಹಾಕಿ. ಇನ್ನೊಂದು ಪತ್ರಿಕೆಯ ಬಾಕ್ಸ್ ಸಿಕ್ಕಾಗ ಹೋಲಿಸಿ.

4. ಕ್ವಾರ್ಟರ್ ಸಾಲು ನೋಡಿ

ಪಟ್ಟಿಯ ಕೆಳಗೆ ಪ್ರತಿ ಕ್ವಾರ್ಟರ್‌ನ ಅಂಕ ಇರುತ್ತದೆ. ಕ್ವಾರ್ಟರ್ ಅಂದರೆ ಪಂದ್ಯದ ಕಾಲು ಭಾಗ, ಬಿಎಎ ಮತ್ತು ಎನ್‌ಬಿಎಯಲ್ಲಿ 12 ನಿಮಿಷ. 1950ರ ಪಂದ್ಯದಲ್ಲಿ ಪಿಸ್ಟನ್ಸ್ 8, 3, 5, 3. ಲೇಕರ್ಸ್ 7, 6, 4, 1. ಕೂಡಿಸಿ ನೋಡಿ, 19 ಮತ್ತು 18 ಬರುತ್ತದೆ. ಕೊನೆಯ 12 ನಿಮಿಷದಲ್ಲಿ ಎರಡೂ ತಂಡ ಸೇರಿ 4 ಅಂಕ.

ಕೆಲವು ಪತ್ರಿಕೆಗಳು ಪ್ರತಿ ಕ್ವಾರ್ಟರ್‌ನ ಅಂಕ ಕೊಡದೆ ಅಲ್ಲಿಯವರೆಗಿನ ಒಟ್ಟು ಕೊಡುತ್ತವೆ. ಆಗ ಇದೇ ಸಾಲು 8, 11, 16, 19 ಅಂತ ಕಾಣುತ್ತದೆ. ಅಂಕೆಗಳು ಏರುತ್ತಲೇ ಹೋದರೆ ಅನುಮಾನಪಡಿ.

5. ಖಾಲಿ ಜಾಗ ಅಂದರೆ ಸೊನ್ನೆ ಅಲ್ಲ

ಇದೊಂದನ್ನು ದಯವಿಟ್ಟು ಮರೆಯಬೇಡಿ. ಅತಿ ಜಾಸ್ತಿ ತಪ್ಪು ನಡೆಯುವುದು ಇಲ್ಲೇ. ಹಳೆ ಪಂದ್ಯದ ಅಂಕೆಗಳನ್ನು ಈಗಿನ ಪಟ್ಟಿಯ ಚೌಕಕ್ಕೆ ತುಂಬುತ್ತಾರೆ, ಸಿಗದ ಕಡೆ ಸುಮ್ನೆ 0 ಹಾಕುತ್ತಾರೆ. ಆಮೇಲೆ ಸರಾಸರಿ ತೆಗೆಯುತ್ತಾರೆ. ಆಟಗಾರ ಮಾಡಿದ ಕೆಲಸವೇ ಅಳಿಸಿಹೋಗುತ್ತದೆ.

ಎನ್‌ಬಿಎಯಲ್ಲಿ ಯಾವುದನ್ನು ಯಾವಾಗಿನಿಂದ ಅಧಿಕೃತವಾಗಿ ಎಣಿಸಿದರು ಅನ್ನೋದು ಇಲ್ಲಿದೆ. ಬರೆದಿಟ್ಟುಕೊಳ್ಳಿ.

- ರೀಬೌಂಡ್ (ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು): 1950-51ರಿಂದ
- ಆಡಿದ ನಿಮಿಷ: 1951-52ರಿಂದ
- ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು) ಮತ್ತು ಬ್ಲಾಕ್ (ಎಸೆತವನ್ನು ತಡೆಯುವುದು): 1973-74ರಿಂದ
- ಆಟಗಾರನ ಟರ್ನೋವರ್ (ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುವುದು): 1977-78ರಿಂದ
- ಮೂರು ಅಂಕದ ಎಸೆತ: 1979-80ರಿಂದ

ಬಿಲ್ ರಸೆಲ್ 1969ರಲ್ಲಿ ಆಟ ನಿಲ್ಲಿಸಿದ. ವಿಲ್ಟ್ ಚೇಂಬರ್ಲೇನ್ ಎನ್‌ಬಿಎಯಲ್ಲಿ ಆಡಿದ್ದು 1973ರವರೆಗೆ. ಎದುರಾಳಿಯ ಎಸೆತ ತಡೆಯುವುದರಲ್ಲಿ ಇವರಿಬ್ಬರೂ ಹೆಸರಾದವರು. ಆದರೂ ಅಧಿಕೃತ ದಾಖಲೆಯಲ್ಲಿ ಇಬ್ಬರ ಹೆಸರಿನಲ್ಲೂ ಒಂದು ಬ್ಲಾಕ್ ಇಲ್ಲ. ಅಲ್ಲಿ 0 ಬರೆದರೆ ಅದು ಅನ್ಯಾಯವೇ.

ಹಾಗಾಗಿ ಎಣಿಸದ ಕಡೆ ಅಡ್ಡಗೆರೆ ಎಳೆಯಿರಿ. ಎಣಿಸಿಯೂ ಏನೂ ಬರದಿದ್ದರೆ ಮಾತ್ರ 0.

6. ಫೌಲ್ ಕಾಲಂನಿಂದ ಸಮಯ ತಿಳಿಯಿರಿ

ನಿಮಿಷದ ಕಾಲಂ ಇಲ್ಲದಿದ್ದಾಗ ಫೌಲ್ ಕಾಲಂ ನೆರವಿಗೆ ಬರುತ್ತದೆ. 1946ರ ಆ ಮೊದಲ ಪಂದ್ಯವನ್ನೇ ತೆಗೆದುಕೊಳ್ಳಿ. ಎರಡೂ ಕಡೆ ಸೇರಿ ಹೆಚ್ಚು ಅಂಕ ಗಳಿಸಿದ್ದು ಟೊರಾಂಟೊದ ಎಡ್ ಸಡೋವ್‌ಸ್ಕಿ, 18. ಅವನು ತಂಡದ ಆಟಗಾರನೂ ಹೌದು, ಕೋಚ್ ಕೂಡ ಹೌದು. ನ್ಯೂಯಾರ್ಕ್ ಕಡೆ ಲಿಯೊ ಗಾಟ್ಲೀಬ್ 14.

ಸಡೋವ್‌ಸ್ಕಿ ಹೆಸರಿನ ಮುಂದೆ 5 ಫೌಲ್ ಇವೆ. ಈಗ ಎನ್‌ಬಿಎಯಲ್ಲಿ 6 ಫೌಲ್ ಆದರೆ ಹೊರಗೆ. ಆಗ 5ಕ್ಕೇ ಹೊರಗೆ. ವರದಿಯ ಪ್ರಕಾರ ಅವನ ಐದನೇ ಫೌಲ್ ಆದದ್ದು ಎರಡನೇ ಅರ್ಧ ಶುರುವಾಗಿ 3 ನಿಮಿಷಕ್ಕೆ. ಅಂದರೆ ಅವನು ಹೆಚ್ಚೆಂದರೆ 27 ನಿಮಿಷ ಆಡಿ 18 ಅಂಕ ತಂದಿದ್ದಾನೆ. ಅವನ ತಂಡ ಸೋತದ್ದು 2 ಅಂಕದಿಂದ. ಬರೀ ‘18’ ಅಂತ ಓದಿದಾಗ ಇದು ಕಾಣಲ್ಲ.

ಫೌಲ್ ಮಿತಿ ಲೀಗಿನಿಂದ ಲೀಗಿಗೆ, ವರ್ಷದಿಂದ ವರ್ಷಕ್ಕೆ ಬದಲಾಗಿದೆ. ಈಗಿನ ನಿಯಮವನ್ನು ಹಿಂದಕ್ಕೆ ಹಾಕಬೇಡಿ. ಪಟ್ಟಿಯಲ್ಲಿ ಬೇರೆ ಬೇರೆ ಪಂದ್ಯಗಳಲ್ಲಿ ಅತಿ ದೊಡ್ಡ ಫೌಲ್ ಅಂಕೆ ಯಾವುದು ಅಂತ ನೋಡಿದರೂ ಸುಳಿವು ಸಿಗುತ್ತದೆ.

ಬಾಕ್ಸ್ ಸ್ಕೋರ್ ಹೇಳದ ಇನ್ನೊಂದು ಸಂಗತಿ ಕ್ರಮ. ಆ ಪಂದ್ಯದ ಮೊದಲ ಬುಟ್ಟಿ ಹಾಕಿದ್ದು ನ್ಯೂಯಾರ್ಕ್‌ನ ಆಸಿ ಶೆಕ್ಟ್‌ಮನ್. ಎನ್‌ಬಿಎಯ ಮೊದಲ ಬುಟ್ಟಿ ಅಂತ ಇವತ್ತು ಅದನ್ನೇ ಎಣಿಸುತ್ತಾರೆ. ಆದರೆ ಪಟ್ಟಿಯಲ್ಲಿ ಅದು ಅವನ ಇತರ ಬುಟ್ಟಿಗಳ ಜೊತೆ ಬೆರೆತುಹೋಗಿದೆ. ಯಾರು ಮೊದಲು, ಯಾರು ಕೊನೆಗೆ ಅನ್ನೋದಕ್ಕೆ ವರದಿಯನ್ನೇ ಓದಬೇಕು. ಹಾಗೆಯೇ, ಪಟ್ಟಿಯಲ್ಲಿ ಮೊದಲು ಬರುವ ಐದು ಹೆಸರು ಪಂದ್ಯ ಶುರುಮಾಡಿದವರದ್ದೇ ಅಂತ ನಂಬಬೇಡಿ. ಕೆಲವರು ಫಾರ್ವರ್ಡ್‌ಗಳನ್ನೆಲ್ಲ, ಬದಲಿ ಆಟಗಾರರೂ ಸೇರಿ, ಮೊದಲು ಬರೆದು ಆಮೇಲೆ ಸೆಂಟರ್‌ಗೆ ಬರುತ್ತಿದ್ದರು.

7. ಎರಡು ಲೆಕ್ಕ ಹಾಕಿ: ಶೇಕಡಾ ಮತ್ತು ಪಾಲು

ಶೇಕಡಾ ಅಂದರೆ ಹಾಕಿದ್ದನ್ನು ಪ್ರಯತ್ನದಿಂದ ಭಾಗಿಸಿ 100ರಿಂದ ಗುಣಿಸುವುದು. ಪ್ರಯತ್ನದ ಅಂಕೆ ಇಲ್ಲದಿದ್ದರೆ ಈ ಲೆಕ್ಕಕ್ಕೆ ಹೋಗಲೇಬೇಡಿ. ಮೈಕನ್ ಆ ದಿನ 11 ಎಸೆದು 4 ಹಾಕಿದ. 36.4 ಶೇಕಡಾ. ತಂಡ ಒಟ್ಟು 18 ಎಸೆದು 4. ಹಾಗಾದರೆ ಉಳಿದವರೆಲ್ಲ ಸೇರಿ 7 ಎಸೆದು ಒಂದೂ ಹಾಕಲಿಲ್ಲ. ಪಿಸ್ಟನ್ಸ್ 13ರಲ್ಲಿ 4.

ಪಾಲು ಅಂದರೆ ಆಟಗಾರನ ಅಂಕವನ್ನು ತಂಡದ ಅಂಕದಿಂದ ಭಾಗಿಸುವುದು. ಹಳೆ ಪಂದ್ಯಗಳಿಗೆ ನನ್ನ ಪ್ರಕಾರ ಇದೇ ಅತಿ ನಂಬಿಕೆಯ ಅಳತೆ. ಇದಕ್ಕೆ ಒಟ್ಟು ಅಂಕ ಬಿಟ್ಟು ಬೇರೇನೂ ಬೇಕಿಲ್ಲ, ಆಟದ ವೇಗದ ಕಾಟವೂ ಇಲ್ಲ. ಮೈಕನ್ 18ಕ್ಕೆ 15, ಅಂದರೆ 83.3 ಶೇಕಡಾ. ಸಡೋವ್‌ಸ್ಕಿ 66ಕ್ಕೆ 18, ಅಂದರೆ 27.3. ಪಿಸ್ಟನ್ಸ್‌ನಲ್ಲಿ ಅತಿ ಹೆಚ್ಚು ಗಳಿಸಿದ ಜಾನ್ ಓಲ್ಡಮ್ 19ಕ್ಕೆ 5, ಅಂದರೆ 26.3.

8. ಹೆಸರುಗಳಲ್ಲಿ ಎಚ್ಚರ

ಪತ್ರಿಕೆಗಳು ಬರೀ ಮನೆತನದ ಹೆಸರು ಹಾಕುತ್ತಿದ್ದವು. ‘ಮೈಕನ್’ ಅಂತ ಕಂಡರೆ ಅದು ಜಾರ್ಜ್ ಆಗಿರಬೇಕಿಲ್ಲ. ಅವನ ತಮ್ಮ ಎಡ್ ಮೈಕನ್ ಕೂಡ ಅದೇ ಕಾಲದಲ್ಲಿ ಶಿಕಾಗೊ ಸ್ಟ್ಯಾಗ್ಸ್ ಮತ್ತಿತರ ತಂಡಗಳಿಗೆ ಆಡಿದ. ತಂಡ ನೋಡಿ ಗುರುತಿಸಬಹುದು. ಆದರೆ 1950ರ ದಶಕದ ಶುರುವಿನಲ್ಲಿ ಡಿಕ್ ಮೆಗ್ವೈರ್, ಆಲ್ ಮೆಗ್ವೈರ್ ಅಣ್ಣತಮ್ಮಂದಿರು ಇಬ್ಬರೂ ನ್ಯೂಯಾರ್ಕ್‌ಗೇ ಆಡಿದರು. ಅಲ್ಲಿ ಮೊದಲಕ್ಷರ ಸಿಗುವವರೆಗೆ ಒಬ್ಬನ ಖಾತೆಗೆ ಬರೆಯಬೇಡಿ.

9. ಆ ಕಾಲದ ಜೊತೆಗೇ ಹೋಲಿಸಿ

‘36 ಶೇಕಡಾ? ಇಷ್ಟು ಕೆಟ್ಟದಾಗಿ ಆಡಿದನಾ?’ ಅಂತ ಕೇಳುವವರಿದ್ದಾರೆ. 1946-47ರಲ್ಲಿ ಇಡೀ ಬಿಎಎಯಲ್ಲಿ ಅತ್ಯುತ್ತಮ ಶೇಕಡಾ ಇದ್ದದ್ದು ಬಾಬ್ ಫೀರಿಕ್‌ಗೆ, 40.1. ಅದೇ ಸೀಸನ್‌ನಲ್ಲಿ ಅತಿ ಹೆಚ್ಚು ಅಸಿಸ್ಟ್ ಮಾಡಿದ ಅರ್ನಿ ಕ್ಯಾಲ್ವರ್ಲಿ ಲೆಕ್ಕ ಪಂದ್ಯಕ್ಕೆ 3.4. ಅಸಿಸ್ಟ್ ಅಂದರೆ ಬುಟ್ಟಿಗೆ ನೇರ ದಾರಿ ಮಾಡಿಕೊಟ್ಟ ಪಾಸ್. ಯಾವುದನ್ನು ಅಸಿಸ್ಟ್ ಅನ್ನಬೇಕು ಅನ್ನೋದರಲ್ಲಿ ಆಗಿನವರು ಬಹಳ ಬಿಗಿ. ಈಗಿನ ಅಂಕೆ ಪಕ್ಕದಲ್ಲಿಟ್ಟರೆ ಇಬ್ಬರೂ ಸಾಧಾರಣ ಆಟಗಾರರ ಹಾಗೆ ಕಾಣುತ್ತಾರೆ. ಆದರೆ ಅವರು ತಮ್ಮ ಕಾಲದ ಮೊದಲಿಗರು.

ಗಡಿ ಎಲ್ಲಿ ಹಾಕಬೇಕು? 1954-55ರಲ್ಲಿ ಹಾಕಿ. ಆ ಸೀಸನ್‌ನಿಂದ 24 ಸೆಕೆಂಡಿನೊಳಗೆ ಎಸೆಯಲೇಬೇಕು ಅನ್ನುವ ನಿಯಮ ಬಂತು. ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಅದನ್ನು ಮುಂದಿಟ್ಟವನು. ಒಳ್ಳೆಯ ಪಂದ್ಯದಲ್ಲಿ ಎರಡೂ ತಂಡ ಸೇರಿ 120 ಎಸೆತ ಆಗುತ್ತವೆ, 48 ನಿಮಿಷ ಅಂದರೆ 2,880 ಸೆಕೆಂಡು, ಭಾಗಿಸಿದರೆ 24. 1950ರ ಪಂದ್ಯದಲ್ಲಿ ಎರಡೂ ಕಡೆ ಸೇರಿ ಆದ ಎಸೆತ 31. ಈ ಗಡಿಯ ಆಚೆ ಈಚೆಯ ಅಂಕೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಇನ್ನೂ ಹಿಂದಕ್ಕೆ, 1920ರ ದಶಕದ ಮೊದಲ ವರ್ಷಗಳ ಆಚೆ ಹೋದರೆ ಮತ್ತೊಂದು ತೊಡಕು. ಆಗ ಅನೇಕ ಕಡೆ ತಂಡದ ಎಲ್ಲ ಫ್ರೀ ಥ್ರೋಗಳನ್ನೂ ಒಬ್ಬನೇ ಎಸೆಯುತ್ತಿದ್ದ. ಅವನ ಒಟ್ಟು ಅಂಕ ಬಹಳ ದೊಡ್ಡದಾಗಿ ಕಾಣುತ್ತದೆ. ಅಂಥ ಪಟ್ಟಿಯಲ್ಲಿ ಫೀಲ್ಡ್ ಗೋಲ್ ಕಾಲಂ ಮಾತ್ರ ಹೋಲಿಸಿ.

10. ನೀವೇ ಮಾಡಿ ನೋಡಿ

1949ರ ಫೆಬ್ರವರಿ 10. ಫಿಲಡೆಲ್ಫಿಯಾ ವಾರಿಯರ್ಸ್ 108, ಇಂಡಿಯಾನಾಪೊಲಿಸ್ ಜೆಟ್ಸ್ 87. ವಾರಿಯರ್ಸ್‌ನ ಜೋ ಫಲ್ಕ್ಸ್ ಸಾಲು: ಫೀಲ್ಡ್ ಗೋಲ್ 56ಕ್ಕೆ 27, ಫ್ರೀ ಥ್ರೋ 14ಕ್ಕೆ 9. ಒಟ್ಟು ಅಂಕ, ಶೇಕಡಾ, ಪಾಲು ತೆಗೆಯಿರಿ. ರೀಬೌಂಡ್ ಮತ್ತು ನಿಮಿಷದ ಜಾಗದಲ್ಲಿ ಏನು ಬರೆಯಬೇಕು ಅನ್ನೋದನ್ನೂ ಯೋಚಿಸಿ.

ಉತ್ತರ: ಒಟ್ಟು 63. ಫೀಲ್ಡ್ ಗೋಲ್ 48.2 ಶೇಕಡಾ, ಫ್ರೀ ಥ್ರೋ 64.3 ಶೇಕಡಾ. ತಂಡದ ಅಂಕದಲ್ಲಿ ಪಾಲು 58.3. ರೀಬೌಂಡ್, ನಿಮಿಷ ಎರಡರ ಜಾಗದಲ್ಲೂ ಅಡ್ಡಗೆರೆ. ಈ 63 ಅಂಕದ ದಾಖಲೆಯನ್ನು 1959ರ ನವೆಂಬರ್‌ನಲ್ಲಿ ಎಲ್ಜಿನ್ ಬೇಲರ್ 64 ಗಳಿಸಿ ಮುರಿದ. ಅಷ್ಟರಲ್ಲಿ 24 ಸೆಕೆಂಡಿನ ನಿಯಮ ಬಂದು ಐದು ಸೀಸನ್ ಮುಗಿದಿದ್ದವು. ಇಬ್ಬರ ಸಾಲನ್ನೂ ಪಕ್ಕಪಕ್ಕ ಬರೆಯುವಾಗ ನಡುವೆ ಆ ಗಡಿಯನ್ನು ಒಂದು ಗೆರೆಯಾಗಿ ಎಳೆದುಕೊಳ್ಳಿ.